ಉರಿಗೆ ಯಾವ ಎಣ್ಣೆ

ಬೆಳಗಿನ ಮೂರು ಗಂಟೆ. ಮಡಿಕೇರಿ. ಲ್ಯಾಬಿನ ಕಿಟಕಿಯಾಚೆ
ಕೋಟೆಯೂ ಇಲ್ಲ, ಬಸ್‌ಸ್ಟ್ಯಾಂಡೂ ಇಲ್ಲ, ಬರೀ ಮಂಜು.
ಸೆಂಟ್ರಿಫ್ಯೂಜ್ ಗಿರ್ರೆಂದು ತಿರುಗಿ ನಿಂತಿತು.
ಟ್ಯೂಬನ್ನು ಬೆಳಕಿಗೆ ಹಿಡಿದೆ:
ಕೆಳಗೆ ರಕ್ತ ಕೂತಿದೆ, ಮೇಲೆ
ಒಣಹುಲ್ಲಿನ ಬಣ್ಣ ಇರಬೇಕಾದಲ್ಲಿ
ಅಕ್ಕಿ ತೊಳೆದ ನೀರು.

ಚೋಂದವ್ವ, ಅರವತ್ತೊಂದು, ಐಸಿಯು, ಮಂಚ ನಾಲ್ಕು.

ನನ್ನಕ್ಕನ ಮದುವೆಯ ಹಂದಿಸಾರು ಇವಳದೇ ಕೈ.
ನೆಣ ಕರಗುವ ಸದ್ದು ಕೇಳಿಯೇ
ಈಗ ಕಾಚಂಪುಳಿ ಹಾಕು ಅನ್ನುವವಳು,
ಸೌಟು ಮುಟ್ಟಿ ನೋಡಿದವಳಲ್ಲ.
ಕರುಳು ತಿರುಚಿ ಕಪ್ಪಾಗಿತ್ತು. ಕತ್ತರಿಸಿ ತೆಗೆದರು.
ಉಳಿದದ್ದು ಎರಡು ಮೊಳ.
ಈಗ ಊಟ ಕೊರಳ ಪಕ್ಕದ ಸಣ್ಣ ನಳಿಗೆಯಿಂದ,
ಹಾಲಿನಂಥ ಚೀಲ, ಹನಿ ಹನಿ,
ನಾಲಿಗೆಗೆ ಹೇಳದೆ ಒಳಗೆ ಹೋಗುವ ಕೊಬ್ಬು.

ವಾರ್ಡಿಗೆ ಫೋನು ಮಾಡಿದೆ:
ಚೀಲ ನಿಲ್ಲಿಸಿ, ಸ್ವಲ್ಪ ತಡೆದು ಮತ್ತೆ ರಕ್ತ ಕಳಿಸಿ,
ಈ ಬಿಳುಪಿನಲ್ಲಿ ಮಿಷನ್ನು ಸುಳ್ಳು ಹೇಳುತ್ತದೆ.
ಆ ಕಡೆ ಸಿಸ್ಟರ್ ಆಕಳಿಸಿ, ಆಯ್ತು ಅಂದಳು.

ನಿದ್ದೆ ಬರಲಿಲ್ಲ. ಸ್ಲೈಡು ಮಾಡಿದೆ.
ಗಾಜಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟೆ,
ನೂರರ ಲೆನ್ಸು ಎಣ್ಣೆಯಿಲ್ಲದೆ ಕಣ್ಣು ಬಿಡುವುದಿಲ್ಲ.
ನಗು ಬಂತು: ಎಣ್ಣೆ ನೋಡಲಿಕ್ಕೂ ಎಣ್ಣೆ.

ಒಂದು ದೊಡ್ಡ ಬಿಳಿಕಣ. ಒಡಲ ತುಂಬ ಗುಳ್ಳೆ,
ಬಣ್ಣ ಹಿಡಿಯದ ಖಾಲಿ ಖಾಲಿ ಗುಳ್ಳೆ.
ಹತ್ತಿರವೇ ಇನ್ನೊಂದು, ಅದೂ ಹಾಗೇ.
ಕಳ್ಳ ಬಂದರೆ ನುಂಗಬೇಕಾದ ಕಾವಲುಗಾರ
ಉಂಡದ್ದು ಹೆಚ್ಚಾಗಿ ಬಾಗಿಲಲ್ಲೇ ಕೂತಿದ್ದಾನೆ.
ಹಿಡಿಯುವುದು ಕಡಿಮೆ, ಬೊಬ್ಬೆ ಜಾಸ್ತಿ.
ನಮ್ಮಲ್ಲಿ ಸುಮ್ಮನೆ ಬೈಯುತ್ತಾರೆಯೆ,
ಕೊಬ್ಬು ಏರಿದೆ ನಿನಗೆ ಎಂದು?

ಬೆಳಿಗ್ಗೆ ಡಾಕ್ಟರ್ ಮುಬೀನಾ ಬಂದರು,
ಕಣ್ಣು ಹಾಕಿ ಬಹಳ ಹೊತ್ತು ನೋಡಿದರು.
ಸೋಯಾ ಅಂದರು. ಮೆಲ್ಲಗೆ, ಬೈದಂತೆಯೂ ಅಲ್ಲ.
ಆ ಎಣ್ಣೆ ಕಣದ ಗೋಡೆಗೇ ಸೇರಿಕೊಳ್ಳುತ್ತದಂತೆ.
ಗಾಯ ಕೂಗಿದಾಗ ಕಣ
ಆ ಗೋಡೆಯನ್ನೇ ಕೆತ್ತಿ ಚೀಟಿ ಬರೆಯುತ್ತದಂತೆ,
ಉರಿ ಹಚ್ಚಿ, ಉರಿ ಹಚ್ಚಿ ಅಂತ.
ಮೀನೆಣ್ಣೆಯಾದರೆ? ಗೋಡೆ ಅದೇ, ಮರ ಬೇರೆ.
ಚೀಟಿ ಹೋಗುತ್ತದೆ, ದನಿ ಸಣ್ಣದು.

ಉರಿಯೂತ. ಯಾರು ಇಟ್ಟ ಹೆಸರೋ,
ಉರಿಯೂ ಉಂಟು, ಊತವೂ ಉಂಟು.
ಉರಿಯುವುದಕ್ಕೆ ಎಣ್ಣೆ ಹೊಯ್ಯಬೇಡ ಅಂದ ಅಜ್ಜಿಗೆ
ಯಾವ ಎಣ್ಣೆ ಎಂದು ಕೇಳಬೇಕೆಂದು
ಆಗ ನನಗೆ ಗೊತ್ತಿರಲಿಲ್ಲ.

ಹೊಸ ಚೀಲ ಮೈಸೂರಿಂದ ಬಂತು,
ಸಂಜೆಯ ಬಸ್ಸಿನಲ್ಲಿ, ಕಂಡಕ್ಟರನ ಕಾಲಬುಡದಲ್ಲಿ.
ಆನೆಕಾಡಿನ ಹತ್ತಿರ ಆನೆ ದಾಟಿ
ಮುಕ್ಕಾಲು ಗಂಟೆ ತಡ.
ಅದೂ ಬಿಳಿ. ನೋಡಿದರೆ ವ್ಯತ್ಯಾಸವಿಲ್ಲ.

ಒಳಗೆ ಮೀನು ಉಂಟು ಎಂದು ಸಿಸ್ಟರ್ ಹೇಳಿದಾಗ
ಚೋಂದವ್ವ ಕಣ್ಣು ಬಿಟ್ಟಳು.
ಯಾವ ಮೀನು?
ಸಮುದ್ರದ್ದು.
ಗದ್ದೆಯ ಕೊಯಿಲೆ ಮೀನು ಹಾಕಬಾರದಿತ್ತಾ,
ಖಾರ ಸ್ವಲ್ಪ ಮುಂದೆ ಇಟ್ಟು?

ಆರನೆಯ ದಿನ ಸಿಆರ್‌ಪಿ ಇಳಿಯಿತು,
ಇನ್ನೂರ ಹತ್ತರಿಂದ ತೊಂಬತ್ತಕ್ಕೆ.
ಆಂಟಿಬಯಾಟಿಕ್ಕೂ ಬದಲಾಗಿತ್ತು, ಕೀವೂ ತೆಗೆದಿದ್ದರು,
ಅವಳ ಹಟ ಯಾವ ಟ್ಯೂಬಿಗೂ ಸಿಗುವುದಲ್ಲ.
ಮೀನೇ ಗೆದ್ದಿತು ಎಂದು ನಾನು ಬರೆಯಲಾರೆ.
ಡಾಕ್ಟರೂ ಬರೆಯಲಿಲ್ಲ.
ಅವರು ತಿದ್ದಿದ್ದು ಡೋಸು ಮಾತ್ರ.

ಸೀರಮ್ಮು ಇಂದು ಒಣಹುಲ್ಲಿನ ಬಣ್ಣ.
ಎರಡು ಚಮಚ ಗಂಜಿ ಕೊಟ್ಟರಂತೆ ಬಾಯಲ್ಲಿ.
ಉಪ್ಪಿಲ್ಲ, ಅಂದಳಂತೆ.

ಲೆನ್ಸಿನ ಎಣ್ಣೆ ಒರೆಸುತ್ತಿದ್ದೇನೆ.
ಒರೆಸಿದ ಮೇಲೂ ಬೆರಳಲ್ಲಿ ಜಾರುತ್ತದೆ.